ಸಿದ್ದಿ ಗೆಳೆಯನ ಓಟ, ಮತ್ತು ನಾಲ್ಕು ಕವಡೆ

ಬಹಳ ದಿನದಿಂದ ಬರೀಬೇಕು ಅಂದ್ಕೊಂಡು ಮುಂದೂಡುತ್ತಲೇ ಬಂದ ವಿಷಯ ಇದು. ಕಳೆದ ತಿಂಗಳು ಊರಿಗೆ ಹೋಗಿದ್ದಾಗ ಕಾರವಾರದ ಬಸ್ ಸ್ಟ್ಯಾಂಡಿನಲ್ಲಿ ಹೈಸ್ಕೂಲ್ ಗೆಳೆಯನೊಬ್ಬ ಸಿಕ್ಕ. ಇನ್ನು ಬರೆಯದಿದ್ದರೆ ಆಗೋದಿಲ್ಲ ಅನ್ನಿಸಿತು.

1988. ಅಂಕೋಲೆಯಲ್ಲಿ ನಾನು ಎಂಟನೇ ಕ್ಲಾಸು. ಅವನು ಘಟ್ಟದ ಕಡೆಯ ಕಾಡೂರಿನಿಂದ ಬಂದು ಹಾಸ್ಟೆಲಿನಲ್ಲಿ ಇದ್ದುಕೊಂಡು ನಮ್ಮ ಶಾಲೆ ಸೇರಿದ. ಸಿದ್ದಿ ಹುಡುಗ. ಗುಂಗುರು ಕೂದಲು ನೋಡಿದ್ದೇ ತಡ, ಪಿಟಿ ಮಾಸ್ತರು ಅವನನ್ನು ಒಂದು ಮಾತೂ ಕೇಳದೆ 100 ಮೀಟರ್, 200 ಮೀಟರ್ ಎರಡಕ್ಕೂ ಹೆಸರು ಬರೆದುಕೊಂಡರು. ಅವನಿಗೋ ಓಟ ಬೇಡವೇ ಬೇಡ, ರೇಖಾಗಣಿತ ಅಂದ್ರೆ ಪ್ರಾಣ. ತಾಲೂಕು ಮಟ್ಟದಲ್ಲಿ ಆರನೆಯವನಾಗಿ ಬಂದ. "ನಿಮ್ಮ ರಕ್ತದಲ್ಲೇ ಓಟ ಇದೆಯಲ್ಲೋ, ಸೋಮಾರಿತನ ಮಾಡ್ತೀಯಾ" ಅಂತ ಎಲ್ಲರೆದುರು ಬೈಸಿಕೊಂಡ. ನಾವೆಲ್ಲ ನಕ್ಕೆವು. ನಾನೂ ನಕ್ಕಿದ್ದೆ.

ಮಾಸ್ತರರನ್ನೊಬ್ಬರನ್ನೇ ದೂರಿ ಪ್ರಯೋಜನವಿಲ್ಲ. ಹಿಂದಿನ ವರ್ಷ, 1987ರಲ್ಲಿ, ಭಾರತೀಯ ಕ್ರೀಡಾ ಪ್ರಾಧಿಕಾರವೇ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಲ್ಲಿ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿ ಶುರು ಮಾಡಿತ್ತು. ಮಾರ್ಗರೆಟ್ ಆಳ್ವ ಆಗ ಕ್ರೀಡಾ ಸಚಿವೆ. ಲೆಕ್ಕಾಚಾರ ಸರಳ: ಇವರ ಹಿರಿಯರು ಆಫ್ರಿಕಾದವರು, ಆಫ್ರಿಕಾದವರು ಒಲಿಂಪಿಕ್ಸಿನಲ್ಲಿ ಗೆಲ್ಲುತ್ತಾರೆ, ಆದ್ದರಿಂದ ಇವರೂ ಗೆಲ್ಲುತ್ತಾರೆ. ಕೆಲವರು ರಾಷ್ಟ್ರಮಟ್ಟದಲ್ಲಿ ಪದಕ ತಂದರು ಕೂಡ, ಅದು ಅವರ ಬೆವರು. 1993ರಲ್ಲಿ ಯೋಜನೆ ನಿಂತುಹೋಯಿತು. ಅರ್ಧ ತರಬೇತಿಯಾದ ಮಕ್ಕಳು ಮನೆಗೆ ಮರಳಿದರು.

ಸಿದ್ದಿಗಳು ಇಲ್ಲಿಗೆ ಬಂದದ್ದು ಹೇಗೆ ಅನ್ನೋದು ಕರಾವಳಿಯ ನಮಗೇ ಸರಿಯಾಗಿ ಗೊತ್ತಿರೋದಿಲ್ಲ. ಕಾರವಾರದಿಂದ ಕಾಳಿ ಸೇತುವೆ ದಾಟಿ ಸ್ವಲ್ಪ ಹೋದರೆ ಗೋವಾ ಗಡಿ. ಪೋರ್ಚುಗೀಸರು ಮೊಝಾಂಬಿಕ್ ಕಡೆಯಿಂದ ಆಫ್ರಿಕನ್ನರನ್ನು ಹಡಗಿನಲ್ಲಿ ತುಂಬಿ ಗೋವಾಕ್ಕೆ ತಂದು ಗುಲಾಮರನ್ನಾಗಿ ಮಾರುತ್ತಿದ್ದರು. ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಜೋಯಿಡಾ, ಮುಂಡಗೋಡ, ಶಿರಸಿ, ನಮ್ಮ ಅಂಕೋಲಾ ತಾಲೂಕುಗಳಲ್ಲಿ ಇಂದಿಗೂ ಇದ್ದಾರೆ. ಹಿಂದೂ, ಕ್ರೈಸ್ತ, ಮುಸ್ಲಿಂ ಮೂರೂ ಧರ್ಮದವರಿದ್ದಾರೆ. ಕನ್ನಡ, ಕೊಂಕಣಿ, ಉರ್ದು ಆಡುತ್ತಾರೆ. ಪರಿಶಿಷ್ಟ ಪಂಗಡಕ್ಕೆ ಸೇರಿದ್ದು 2003ರಲ್ಲಿ.

2011ರಲ್ಲಿ ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳು ಸಿದ್ದಿಗಳ ಜೀನುಗಳ ಅಧ್ಯಯನವನ್ನು ಪ್ರಕಟಿಸಿದರು. ಒಟ್ಟು ಪಾಲಿನಲ್ಲಿ ಸುಮಾರು 60ರಿಂದ 75 ಶೇಕಡ ಆಫ್ರಿಕದ್ದು, ಉಳಿದದ್ದು ಭಾರತೀಯ ಮತ್ತು ಸ್ವಲ್ಪ ಯುರೋಪಿನದು. ಬೆರಕೆ ಆಗಿದ್ದು ಸುಮಾರು ಎಂಟು ತಲೆಮಾರಿನ ಹಿಂದೆ, ಅಂದರೆ 200 ವರ್ಷ. ಇದನ್ನು ಓದಿ "ನೋಡಿದ್ರಾ, ಮಾಸ್ತರು ಹೇಳಿದ್ದೇ ಸರಿ" ಅನ್ನಬಹುದು ಯಾರಾದರೂ. ಇಲ್ಲ. ಅಲ್ಲೇ ಇರೋದು ಎಡವಟ್ಟು.

ಮೆಂಡೆಲ್ 1866ರಲ್ಲಿ ಬಟಾಣಿ ಗಿಡದ ಲೆಕ್ಕ ಬರೆದ: ಎತ್ತರ, ಗಿಡ್ಡ, ನಡುವೆ ಏನೂ ಇಲ್ಲ. ಶಾಲೆಯಲ್ಲಿ ನಮಗೆ ಕಲಿಸಿದ್ದು ಇಷ್ಟೇ. ಆದರೆ ಅಂಕೋಲೆಯ ಮೀನುಪೇಟೆಯಲ್ಲಿ ನಿಂತು ನೋಡಿ, ಜನರಲ್ಲಿ ಎತ್ತರ-ಗಿಡ್ಡ ಎಂದು ಎರಡೇ ಜಾತಿ ಕಾಣುತ್ತದೆಯೇ? ಇಂಗ್ಲೆಂಡಿನಲ್ಲಿ ಇದೇ ವಿಷಯಕ್ಕೆ ದೊಡ್ಡ ಜಗಳವಾಯಿತು. ಮೆಂಡೆಲ್‌ನದು ಮನುಷ್ಯರಿಗೆ ಹೊಂದೋದೇ ಇಲ್ಲ ಅಂತ ಒಂದು ಗುಂಪು, ಎಲ್ಲಕ್ಕೂ ಹೊಂದುತ್ತದೆ ಅಂತ ಇನ್ನೊಂದು. 1918ರಲ್ಲಿ ರೊನಾಲ್ಡ್ ಫಿಶರ್ ಜಗಳ ಬಿಡಿಸಿದ. ಪ್ರತಿ ಜೀನೂ ಮೆಂಡೆಲ್ ಹೇಳಿದ ಹಾಗೇ ನಡೆಯುತ್ತದೆ, ಆದರೆ ಎತ್ತರದಂಥ ಗುಣಕ್ಕೆ ಬಹಳ ಜೀನುಗಳು ಒಟ್ಟಾಗಿ ಕೈ ಹಾಕುತ್ತವೆ, ಒಂದೊಂದರದು ಚೂರೇ ಚೂರು ಪಾಲು ಅಂತ ಗಣಿತದಲ್ಲಿ ತೋರಿಸಿದ.

ಅಜ್ಜಿ ಮನೆಯಲ್ಲಿ ಚೌಕಾಬಾರ ಆಡಿದವರಿಗೆ ಇದು ಸುಲಭ. ನಾಲ್ಕು ಕವಡೆ ಎಸೆದರೆ ಬೀಳಬಹುದಾದ ರೀತಿ 16. ಎಲ್ಲ ಅಂಗಾತ ಬೀಳೋದು ಒಂದೇ ರೀತಿಯಲ್ಲಿ, ಎಲ್ಲ ಕವುಚಿ ಬೀಳೋದೂ ಒಂದೇ ರೀತಿಯಲ್ಲಿ. ಎರಡು ಅಂಗಾತ ಎರಡು ಕವುಚಿ ಬೀಳೋದು ಆರು ರೀತಿಯಲ್ಲಿ. ಅದಕ್ಕೇ ನಮಗೆ ಎರಡು ಬೀಳ್ತಾನೇ ಇರ್ತದೆ, ಚೌಕ ಬೇಕು ಅಂದಾಗ ಬೀಳೋದಿಲ್ಲ! ಈಗ ನಾಲ್ಕರ ಬದಲು ಸಾವಿರಾರು ಕವಡೆ ಎಸೆಯಿರಿ. ಬಹುಪಾಲು ಜನ ನಡುವಿನಲ್ಲಿ, ತುದಿಯಲ್ಲಿ ಕೆಲವೇ ಮಂದಿ. 2022ರಲ್ಲಿ ಪ್ರಕಟವಾದ ಅಧ್ಯಯನವೊಂದು 54 ಲಕ್ಷ ಜನರನ್ನು ನೋಡಿ ಎತ್ತರಕ್ಕೆ ಸಂಬಂಧಿಸಿದ 12,000ಕ್ಕೂ ಹೆಚ್ಚು ಜಾಗಗಳನ್ನು ಗುರುತಿಸಿತು. ಯುರೋಪ್ ಮೂಲದವರ ಎತ್ತರದ ವ್ಯತ್ಯಾಸದಲ್ಲಿ ಇವೆಲ್ಲ ಸೇರಿ ವಿವರಿಸಿದ್ದು ಸುಮಾರು 40 ಶೇಕಡ. ಬೇರೆ ಮೂಲದವರಲ್ಲಿ 10ರಿಂದ 20 ಅಷ್ಟೇ. ಊಟ, ಕಾಯಿಲೆ, ಬಾಲ್ಯ ಇವುಗಳ ಪಾಲು ಬೇರೆಯೇ ಇದೆ.

ಚರ್ಮದ ಬಣ್ಣದ ಕವಡೆಗಳು ಮಾತ್ರ ಸ್ವಲ್ಪ ದೊಡ್ಡವು. ಎಸ್‌ಎಲ್‌ಸಿ24ಎ5 ಅನ್ನೋ ಒಂದು ಜೀನು ಯುರೋಪಿನವರ ಮತ್ತು ಆಫ್ರಿಕದವರ ಬಣ್ಣದ ವ್ಯತ್ಯಾಸದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಅಂತ 2005ರಲ್ಲಿ ತಿಳಿಯಿತು. ಸುಳಿವು ಕೊಟ್ಟದ್ದು ಒಂದು ಬಿಳಿಚು ಜೀಬ್ರಾ ಮೀನು. ಅದೇ ಜೀನು ನಮ್ಮ ದೇಶದವರ ಬಣ್ಣದಲ್ಲೂ ಕೆಲಸ ಮಾಡುತ್ತದೆ ಅಂತ 2013ರಲ್ಲಿ ಗೊತ್ತಾಯಿತು.

ಮಾಸ್ತರು ಎಡವಿದ್ದು ಇಲ್ಲಿ. ಬಣ್ಣದ ಕವಡೆ ಬೇರೆ, ಕೂದಲಿನದು ಬೇರೆ, ಓಟದ್ದು ಬೇರೆ. ಎಂಟು ತಲೆಮಾರು ಕಲಸಿ ಎಸೆದ ಮೇಲೆ ಗುಂಗುರು ಕೂದಲು ನೋಡಿ ಕಾಲಿನ ಸ್ನಾಯುವಿನ ಭವಿಷ್ಯ ಹೇಳಲಾಗದು. ಅದೂ ಅಲ್ಲದೆ ಆಫ್ರಿಕಾ ಅಂದ್ರೆ ಒಂದು ಊರೇನು? ಜೀನುಗಳ ವೈವಿಧ್ಯ ಜಗತ್ತಿನಲ್ಲೇ ಹೆಚ್ಚಿರೋದು ಅಲ್ಲಿ. ಲಾಂಗ್ ರನ್ನಿನಲ್ಲಿ ಗೆಲ್ಲುವ ಕೆನ್ಯಾದ ಬೆಟ್ಟದ ಜನರಿಗೂ ಮೊಝಾಂಬಿಕ್‌ನಿಂದ ಹಡಗು ಹತ್ತಿಸಲ್ಪಟ್ಟವರಿಗೂ ನಡುವೆ ಸಾವಿರಾರು ಕಿಲೋಮೀಟರ್. ಆದರೆ ಬಣ್ಣ ಕಣ್ಣಿಗೆ ಬೀಳುತ್ತದೆ, ಉಳಿದ ಕವಡೆಗಳು ಬೀಳೋದಿಲ್ಲ. ಹಾಗಾಗಿ ಬಣ್ಣಕ್ಕೇ ಎಲ್ಲ ಕಟ್ಟಿಬಿಡುತ್ತೇವೆ.

ಗೆಳೆಯನ ಜೊತೆ ಇಬ್ಬರು ಹೆಣ್ಣುಮಕ್ಕಳಿದ್ದರು. ದೊಡ್ಡವಳದು ಅಪ್ಪನ ಹಾಗೇ ಗುಂಗುರು ಕೂದಲು, ಚಿಕ್ಕವಳದು ಬರೀ ಅಲೆ ಅಲೆ, ಬಣ್ಣವೂ ಅಕ್ಕನಿಗಿಂತ ತಿಳಿ. ಅವನು ಈಗ ಹೈಸ್ಕೂಲಿನಲ್ಲಿ ಗಣಿತ ಕಲಿಸ್ತಾನೆ. "ಚಿಕ್ಕವಳು ಓಟಕ್ಕೆ ಸೇರಿದ್ದಾಳೆ ಮಾರಾಯ. ಅವಳೇ ಕೇಳಿ ಸೇರಿದ್ದು" ಅಂದ. ಸ್ವಲ್ಪ ಹೊತ್ತಿಗೆ, ನಾನು ಏನೂ ಕೇಳದಿದ್ದರೂ, "ಅವಳೇ ಕೇಳಿ ಸೇರಿದ್ದು" ಅಂತ ಮತ್ತೊಮ್ಮೆ ಅಂದ.

ಅಷ್ಟರಲ್ಲಿ ಅಂಕೋಲೆ ಬಸ್ಸು ಬಂತು. ಅವತ್ತು ನಕ್ಕಿದ್ದರ ಬಗ್ಗೆ ಹೇಳಬೇಕು ಅಂತಿದ್ದೆ, ಹೇಳಲಾಗಲಿಲ್ಲ.