ಕಸೂತಿ

ಕೈ ಮತ್ತು ಸೂತಿ ಕೂಡಿ ‘ಕಸೂತಿ’ ಆಯಿತು ಎಂಬುದು ಈ ಪದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ. ಸೂತಿ ಎಂದರೆ ಹತ್ತಿಯ ನೂಲು. ಧಾರವಾಡ ಸೀಮೆಯ ಹೆಣ್ಣುಮಕ್ಕಳು ಇಳಕಲ್ ಸೀರೆಯ ಸೆರಗಿಗೂ ಖಣದ ಕುಪ್ಪಸಕ್ಕೂ ಹಾಕುತ್ತ ಬಂದ ಕಸೂತಿಗೆ ಅಚ್ಚಿಲ್ಲ, ಗೆರೆ ಎಳೆದುಕೊಳ್ಳುವುದೂ ಇಲ್ಲ. ಬಟ್ಟೆಯ ಎಳೆ ಎಣಿಸುತ್ತ ಸೂಜಿ ಆಡಿಸಬೇಕು.

ಹೊಲಿಗೆಗಳ ಹೆಸರುಗಳಂತೂ ಮನೆಯ ಮಾತಿನವೇ. ನೇಯ್ದಂತೆ ಕಾಣುವುದು ನೇಯ್ಗಿ. ಮೆಂತ್ಯದ ಕಾಳು ಚೆಲ್ಲಿದಂತೆ ಅಡ್ಡಡ್ಡ ಕೂರುವುದು ಮೆಂತಿ. ರಥ, ಆನೆಯಂಥ ದೊಡ್ಡ ಚಿತ್ರಗಳ ಒಡಲು ತುಂಬುವುದಕ್ಕೆ ಇದು. ಮೆಟ್ಟಿಲು ಮೆಟ್ಟಿಲಾಗಿ ಸಾಗುವುದು ಮುರಗಿ. ನನಗೆ ಎಲ್ಲಕ್ಕಿಂತ ಮೆಚ್ಚು ಗವಂತಿ. ‘ಗಂಟು’ ಎಂಬುದರಿಂದ ಬಂದ ಹೆಸರು ಎನ್ನುತ್ತಾರೆ, ಆದರೆ ದಾರಕ್ಕೆ ಗಂಟು ಹಾಕುವಂತಿಲ್ಲ! ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ. ಹಿಂತಿರುಗುವಾಗ ಬಿಟ್ಟ ಜಾಗಗಳೆಲ್ಲ ಭರ್ತಿ. ಒಂದೇ ಒಂದು ಎಳೆ ಎಣಿಕೆ ತಪ್ಪಿದರೂ ಮರಳಿ ಬರುವ ದಾರ ಗೆರೆಗೆ ಕೂಡುವುದಿಲ್ಲ, ಬಿಚ್ಚಲೇಬೇಕು. ಸರಿಯಾಗಿ ಮುಗಿದಾಗ ಸೆರಗಿನ ಎರಡೂ ಮಗ್ಗುಲಲ್ಲಿ ಒಂದೇ ಗೋಪುರ, ಒಂದೇ ತುಳಸಿಕಟ್ಟೆ.

ಈಗ ಯಂತ್ರದ ಹೂಬಳ್ಳಿ, ಜರ್ದೋಸಿ, ಮಣಿ ಕೆಲಸ ಎಲ್ಲವನ್ನೂ ಕಸೂತಿ ಎಂದೇ ಕರೆಯುತ್ತೇವೆ. ಪದ ಹಿಗ್ಗಿದ್ದಕ್ಕೆ ತಕರಾರಿಲ್ಲ. ಆದರೆ ಭೌಗೋಳಿಕ ಸೂಚಕ ಮಾನ್ಯತೆ ಪಡೆದಿರುವ ಈ ಎಣಿಕೆಯ ಕೆಲಸವನ್ನು ಕೊಳ್ಳುವಾಗಲಾದರೂ ಸೆರಗು ತಿರುವಿ ಹಿಂಬದಿ ನೋಡಬೇಕು. ಗವಂತಿಯ ಗೆರೆ ಅಲ್ಲೂ ಅಷ್ಟೇ ಚೊಕ್ಕವಾಗಿದ್ದರೆ ಕೇಳಿದ ಬೆಲೆಯನ್ನು ಚೌಕಾಸಿ ಮಾಡದೆ ಕೊಡಿ.