ಸಿ ಕಂಪೈಲರಿನ ಕಾರ್ಯವಿಧಾನ

ಸಿ ಕಂಪೈಲರ್ ಎಂಬುದು ಸಿ ಭಾಷೆಯಲ್ಲಿ ಬರೆದ ಕ್ರಮವಿಧಿಯನ್ನು ಗಣಕದ ಪ್ರೊಸೆಸರ್ ನೇರವಾಗಿ ನಡೆಸಬಲ್ಲ ಯಂತ್ರಭಾಷೆಗೆ ಪರಿವರ್ತಿಸುವ ತಂತ್ರಾಂಶ. ಸಿ ಭಾಷೆಯನ್ನು ಡೆನಿಸ್ ರಿಚಿಯವರು 1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪಿಸಿದರು. ಕೆನ್ ಥಾಂಪ್ಸನ್ ರಚಿಸಿದ 'ಬಿ' ಭಾಷೆ ಇದರ ಪೂರ್ವಜ. ಪರಿವರ್ತನೆಯೆಲ್ಲ ಮುಂಚಿತವಾಗಿಯೇ ಮುಗಿಯುವುದರಿಂದ, ಕ್ರಮವಿಧಿ ನಡೆಯುವ ವೇಳೆಗೆ ಮೂಲಪಠ್ಯವಾಗಲಿ ಕಂಪೈಲರಾಗಲಿ ಅಲ್ಲಿ ಇರಬೇಕಾಗಿಲ್ಲ. ಬರೆದವರು ಓದುವುದು ಒಂದು ಪಠ್ಯವನ್ನು, ಯಂತ್ರ ನಡೆಸುವುದು ಇನ್ನೊಂದನ್ನು. ಇವೆರಡರ ನಡುವಿನ ಅಂತರವನ್ನು ಅರಿಯದೆ ಸಿ ಭಾಷೆಯ ಕಲಿಕೆ ಪೂರ್ಣವಾಗದು.

ಹಂತಗಳು

ಮೊದಲನೆಯದು ಪೂರ್ವಸಂಸ್ಕರಣೆ. ಹ್ಯಾಷ್ ಚಿಹ್ನೆಯಿಂದ ಆರಂಭವಾಗುವ ಸಾಲುಗಳು ಇಲ್ಲಿ ವಿಸ್ತರಣೆಗೊಳ್ಳುತ್ತವೆ. ಐದು ಸಾಲಿನ ಪುಟ್ಟ ಕ್ರಮವಿಧಿಯೂ ಹೆಡರ್ ಕಡತಗಳು ಸೇರಿದ ಮೇಲೆ ನೂರಾರು ಸಾಲುಗಳಾಗುವುದುಂಟು.

ಎರಡನೆಯ ಹಂತವೇ ನಿಜವಾದ ಕಂಪೈಲರ್. ಹಳಗನ್ನಡ ಪದ್ಯವನ್ನು ಪಾಠ ಮಾಡುವಾಗ ಮೊದಲು ಪದಗಳನ್ನು ಬಿಡಿಸಿ, ಬಳಿಕ ಅನ್ವಯ ಮಾಡಿ, ಅನಂತರ ಅರ್ಥ ಹೇಳುವ ಕ್ರಮವನ್ನೇ ಇದು ಅನುಸರಿಸುತ್ತದೆ ಎನ್ನಬಹುದು. 'ಮೊತ್ತ = ಬೆಲೆ + ತೆರಿಗೆ * 2;' ಎಂಬ ಹೇಳಿಕೆಯನ್ನು ಗಮನಿಸಬಹುದು (ಹೆಸರುಗಳನ್ನು ಅನುಕೂಲಕ್ಕಾಗಿ ಕನ್ನಡದಲ್ಲಿ ಕೊಟ್ಟಿದೆ). ಪದವಿಶ್ಲೇಷಣೆಯಲ್ಲಿ ಇದು ಕೊನೆಯ ಅರ್ಧವಿರಾಮವೂ ಸೇರಿ ಎಂಟು ಬಿಡಿಭಾಗಗಳಾಗುತ್ತದೆ. ವಾಕ್ಯವಿಶ್ಲೇಷಣೆಯಲ್ಲಿ ಗುಣಾಕಾರವು ಸಂಕಲನಕ್ಕಿಂತ ಬಿಗಿಯಾಗಿ ಬಂಧಿಸುವುದರಿಂದ, 'ತೆರಿಗೆ * 2' ಒಂದು ಕೊಂಬೆಯಾಗಿ ಮರದಂತಹ ರಚನೆ ಸಿದ್ಧವಾಗುತ್ತದೆ. ಕೊನೆಗೆ ಪ್ರತಿ ಹೆಸರೂ ಘೋಷಿತವಾಗಿದೆಯೇ, ಅದರ ದತ್ತಾಂಶ ಪ್ರಕಾರ ಹೊಂದುತ್ತದೆಯೇ ಎಂಬ ಪರಿಶೀಲನೆ ನಡೆಯುತ್ತದೆ.

ಇದರ ಫಲವಾಗಿ ದೊರೆತ ಅಸೆಂಬ್ಲಿ ಪಠ್ಯವನ್ನು ಅಸೆಂಬ್ಲರ್ ಯಂತ್ರಸಂಕೇತವಾಗಿಸುತ್ತದೆ. ಬೇರೆ ಬೇರೆ ಕಡತಗಳನ್ನೂ ಗ್ರಂಥಾಲಯಗಳನ್ನೂ ಜೋಡಿಸುವುದು ಲಿಂಕರಿನ ಕೆಲಸ. ಘೋಷಣೆಯಿದ್ದೂ ಫಂಕ್ಷನ್ನಿನ ವಿವರಣೆ ಎಲ್ಲಿಯೂ ಸಿಗದಿದ್ದರೆ ದೂರುವುದು ಲಿಂಕರ್, ಕಂಪೈಲರ್ ಅಲ್ಲ. ಇದನ್ನು ತಿಳಿಯದ ಹೊಸಬರು ದೋಷವಿಲ್ಲದ ಸಾಲನ್ನೇ ಮತ್ತೆ ಮತ್ತೆ ತಿದ್ದುತ್ತಾರೆ.

ಉತ್ತಮೀಕರಣ ಮತ್ತು ಅದರ ಅಪಾಯ

ವೇಗಕ್ಕಾಗಿ ಕಂಪೈಲರ್ ಪಠ್ಯವನ್ನು ಮಾರ್ಪಡಿಸುತ್ತದೆ. ಎಂಟರಿಂದ ಗುಣಿಸುವ ಬದಲು ಬಿಟ್‌ಗಳನ್ನು ಮೂರು ಸ್ಥಾನ ಎಡಕ್ಕೆ ಸರಿಸುವುದು ನಿರುಪದ್ರವಿ. ಆದರೆ ಸಿ ಭಾಷೆಯ ಮಾನಕವು ಕೆಲವು ಕ್ರಿಯೆಗಳಿಗೆ ಯಾವ ಅರ್ಥವನ್ನೂ ವಿಧಿಸಿಲ್ಲ. ಅವು ಎಂದೂ ನಡೆಯುವುದಿಲ್ಲವೆಂದು ಭಾವಿಸಲು ಕಂಪೈಲರಿಗೆ ಸ್ವಾತಂತ್ರ್ಯವಿದೆ. 2009ರಲ್ಲಿ ಲಿನಕ್ಸ್ ಕರ್ನಲ್‌ನ ಒಂದು ಜಾಲ ಚಾಲಕದಲ್ಲಿ ಇದರ ಪರಿಣಾಮ ಕಂಡುಬಂತು. ಅಲ್ಲಿ ಪಾಯಿಂಟರನ್ನು ಮೊದಲು ಬಳಸಿ, ಅದು ಶೂನ್ಯವೇ ಎಂದು ಅನಂತರ ಪರೀಕ್ಷಿಸಲಾಗಿತ್ತು. ಬಳಸಿಯಾದ ಮೇಲೆ ಅದು ಶೂನ್ಯವಾಗಿರಲಾರದೆಂದು ತರ್ಕಿಸಿ ಜಿಸಿಸಿ ಕಂಪೈಲರ್ ಆ ಪರೀಕ್ಷೆಯನ್ನೇ ತೆಗೆದುಹಾಕಿತು. ಮೂಲಪಠ್ಯದಲ್ಲಿದ್ದ ಕಾವಲು ಯಂತ್ರಸಂಕೇತದಲ್ಲಿ ಇರಲಿಲ್ಲ. ದಾಳಿಗೆ ದಾರಿ ತೆರೆಯಿತು.

ವಿಶ್ವಾಸದ ಪ್ರಶ್ನೆ

ಸಿ ಕಂಪೈಲರನ್ನು ಬಹುಮಟ್ಟಿಗೆ ಸಿ ಭಾಷೆಯಲ್ಲಿಯೇ ಬರೆಯುವ ವಾಡಿಕೆ ಬೆಳೆದುಬಂದಿತ್ತು. ಹಳೆಯ ಕಂಪೈಲರ್ ಹೊಸದನ್ನು ಹಡೆಯುತ್ತದೆ. 1984ರಲ್ಲಿ ಪ್ರಕಟವಾದ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ಥಾಂಪ್ಸನ್ ಇದರೊಳಗಿನ ಒಂದು ಅಪಾಯವನ್ನು ತೋರಿಸಿದರು. ಲಾಗಿನ್ ಕ್ರಮವಿಧಿಯಲ್ಲಿ ಗುಪ್ತದ್ವಾರವನ್ನು ಸೇರಿಸುವಂತೆಯೂ, ಕಂಪೈಲರನ್ನೇ ಕಂಪೈಲ್ ಮಾಡುವಾಗ ಆ ಕುತಂತ್ರವನ್ನು ಮರಳಿ ಸೇರಿಸುವಂತೆಯೂ ಒಮ್ಮೆ ಮಾಡಿಟ್ಟರೆ, ಆಮೇಲೆ ಮೂಲಪಠ್ಯದಿಂದ ಅದನ್ನು ಅಳಿಸಿದರೂ ಕುತಂತ್ರ ಮುಂದುವರಿಯುತ್ತದೆ. ಪಠ್ಯವನ್ನು ಎಷ್ಟು ಓದಿದರೂ ಅದು ಕಾಣಸಿಗದು.

ಇದನ್ನು ಪತ್ತೆಹಚ್ಚಲು ಡೇವಿಡ್ ವೀಲರ್ ಒಂದು ವಿಧಾನವನ್ನು ವಿವರಿಸಿದ್ದಾರೆ. ಶಂಕಿತ ಕಂಪೈಲರಿನ ಮೂಲಪಠ್ಯವನ್ನು ಸ್ವತಂತ್ರವಾದ ಎರಡನೆಯ ಕಂಪೈಲರಿನಿಂದ ಕಂಪೈಲ್ ಮಾಡಿ, ಬಂದ ಫಲಿತದಿಂದ ಅದೇ ಪಠ್ಯವನ್ನು ಮತ್ತೊಮ್ಮೆ ಕಂಪೈಲ್ ಮಾಡಬೇಕು. ಒಂದೇ ಪಠ್ಯಕ್ಕೆ ಸದಾ ಒಂದೇ ಫಲಿತ ನೀಡುವ ಕಂಪೈಲರಾಗಿದ್ದರೆ, ಹೀಗೆ ದೊರೆತದ್ದು ಶಂಕಿತ ಕಂಪೈಲರಿನೊಂದಿಗೆ ಬಿಟ್ಟಿಗೆ ಬಿಟ್ ಹೊಂದಬೇಕು. ಹೊಂದದಿದ್ದಲ್ಲಿ ವ್ಯತ್ಯಾಸದ ಕಾರಣವನ್ನು ಯಂತ್ರಸಂಕೇತದಲ್ಲಿಯೇ ಹುಡುಕಬೇಕಾಗುತ್ತದೆ.