ಬಿಕಾಂ ಓದೋರಿಗೆ ಸಿನಿಮಾ ಯಾಕೆ? (7 ಭಾಗಗಳ ಸೀರೀಸ್)

ಭಾಗ 1/7 🎬

ಒಬ್ಬರು ಫಾರ್ಮಸಿ ಓದಿದವರು. ಒಬ್ಬರು ಎಕನಾಮಿಕ್ಸ್ ಓದಿದವರು. ಇನ್ನೊಬ್ಬರು ಎಂಬಿಬಿಎಸ್ ಮುಗಿಸಿದ ಡಾಕ್ಟರು. ಮೂರೂ ಜನ ಕನ್ನಡ ಸಿನಿಮಾನ ಪ್ರಪಂಚದ ದೊಡ್ಡ ದೊಡ್ಡ ಚಿತ್ರೋತ್ಸವಗಳ ತನಕ ತಗೊಂಡು ಹೋದವರು.

"ಬಿಕಾಂ ಓದ್ಕೊಂಡು ನಿಮಗ್ಯಾಕ್ರೋ ಶಾರ್ಟ್ ಫಿಲಂ?" ಅಂತ ಕೇಳಿದವರಿಗೆಲ್ಲ ಬೇರೆ ಬೇರೆ ಉತ್ತರ ಬರೆಯೋ ಬದಲು ಈ ಸೀರೀಸ್ ಬರೀತಿದ್ದೀನಿ. ನನ್ನ ಅಭಿಪ್ರಾಯ ಪಕ್ಕಕ್ಕಿರಲಿ, ಇತಿಹಾಸ ಏನು ಹೇಳುತ್ತೆ ನೋಡೋಣ.

ಸಿನಿಮಾ ಕಲಿಯೋಕೆ ಮೊದಲು ಒಳ್ಳೇ ಕ್ಯಾಮೆರಾ ಬೇಕು ಅಂತ ನಮ್ಮಲ್ಲಿ ಬಹಳ ಜನ ಅನ್ಕೊಂಡಿದ್ದಾರೆ. ಆದರೆ ಈ ದಾರೀಲಿ ಹೋದವರ ಕತೆ ಓದಿದ್ರೆ ಬೇರೇನೇ ಕಾಣುತ್ತೆ. ಒಂದು ಚಿಕ್ಕ ಸಿನಿಮಾನ ಕೊಟ್ಟಿರೋ ಟೈಮಲ್ಲಿ, ಇರೋ ಸಾಮಾನಲ್ಲಿ, ನಾಲ್ಕು ಜನ ಸೇರಿ ಪೂರ್ತಿ ಮುಗಿಸೋದೇ ದೊಡ್ಡ ಪಾಠ. ಅರ್ಧಕ್ಕೆ ಬಿಟ್ಟ ಹತ್ತು ಐಡಿಯಾ ಕಲಿಸದ್ದನ್ನ ಮುಗಿಸಿದ ಒಂದು ಫಿಲಂ ಕಲಿಸುತ್ತೆ.

ಭಾಗ 2/7: ಎರಡು ಕನ್ನಡಿ 🪞

ಮೊದಲು ನಮ್ಮ ಮೈಸೂರಿನವರಿಂದಲೇ ಶುರು ಮಾಡೋಣ. ವಿ.ಕೆ. ಮೂರ್ತಿ, 1923ರಲ್ಲಿ ಮೈಸೂರಲ್ಲಿ ಹುಟ್ಟಿದವರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಸಿನಿಮಾಟೋಗ್ರಫಿ ಡಿಪ್ಲೊಮಾ ಮಾಡಿದ್ದು 1946ರಲ್ಲಿ. ಯೋಚನೆ ಮಾಡಿ, ಸ್ವಾತಂತ್ರ್ಯ ಬರೋಕೂ ಮುಂಚೆ ನಮ್ಮ ರಾಜ್ಯದ ಒಂದು ಪಾಲಿಟೆಕ್ನಿಕ್‌ನಲ್ಲಿ ಸಿನಿಮಾ ಪಾಠ ನಡೀತಿತ್ತು! ಮುಂದೆ 'ಆಕ್ರೋಶ್', 'ಅರ್ಧ ಸತ್ಯ' ಮಾಡಿದ ಗೋವಿಂದ್ ನಿಹಲಾನಿ ಕೂಡ ಅಲ್ಲೇ ಓದಿದವರು.

ಮೂರ್ತಿಯವರು ಮುಂಬೈಗೆ ಹೋಗಿ ಗುರುದತ್ ಸಿನಿಮಾಗಳಿಗೆ ಕ್ಯಾಮೆರಾ ಹಿಡಿದರು. 1959ರ 'ಕಾಗಜ್ ಕೆ ಫೂಲ್' ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರಲ್ಲಿ ಕತ್ತಲ ಸ್ಟುಡಿಯೋ ಒಳಗೆ ಮೇಲಿಂದ ಓರೆಯಾಗಿ ಒಂದು ಬೆಳಕಿನ ಕೋಲು ಇಳಿಯುತ್ತೆ. ಇವತ್ತಿಗೂ ಫಿಲಂ ಸ್ಕೂಲುಗಳಲ್ಲಿ ಆ ಶಾಟ್ ತೋರಿಸ್ತಾರೆ. ಅದನ್ನ ಮಾಡಿದ್ದು ದುಬಾರಿ ಲೈಟಿಂದ ಅಲ್ಲ. ಎರಡು ದೊಡ್ಡ ಕನ್ನಡಿ ಇಟ್ಟು ಹೊರಗಿನ ಬಿಸಿಲನ್ನೇ ಒಳಗೆ ತಿರುಗಿಸಿದರು.

2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರೇ. ನಮ್ಮ ಹತ್ರ ಲೈಟಿಲ್ಲ ಅಂತ ಗೊಣಗೋ ಮುಂಚೆ ಮನೇಲಿರೋ ಕನ್ನಡಿ ನೆನಪಿಸ್ಕೊಳ್ಳಿ. ಇಪ್ಪತ್ತು ರೂಪಾಯಿ ಥರ್ಮಾಕೋಲ್ ಶೀಟು ಕೂಡ ಮುಖದ ಮೇಲಿನ ನೆರಳು ತಿಳಿ ಮಾಡುತ್ತೆ.

ಭಾಗ 3/7: ಡಿಪ್ಲೊಮಾ ಫಿಲಂ 🎞️

ಫಾರ್ಮಸಿ ಓದಿದವರು ಯಾರು ಅಂತ ಗೆಸ್ ಮಾಡಿದ್ರಾ? ಗಿರೀಶ್ ಕಾಸರವಳ್ಳಿ. ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನವರು. ಮಣಿಪಾಲದಲ್ಲಿ ಬಿ.ಫಾರ್ಮಾ ಮಾಡಿ, ಆಮೇಲೆ ದಿಕ್ಕು ಬದಲಿಸಿ ಪುಣೆಯ ಫಿಲಂ ಇನ್‌ಸ್ಟಿಟ್ಯೂಟ್ ಸೇರಿದರು. 1975ರಲ್ಲಿ ಅಲ್ಲಿಂದ ಹೊರಗೆ ಬಂದರು.

ಅಲ್ಲಿ ಕೋರ್ಸ್ ಕೊನೆಗೆ ವಿದ್ಯಾರ್ಥಿಗಳು ಒಂದು ಡಿಪ್ಲೊಮಾ ಫಿಲಂ ಮಾಡಬೇಕು. ನಮಗೆ ಪ್ರಾಜೆಕ್ಟ್ ರಿಪೋರ್ಟ್ ಇರುತ್ತಲ್ಲ, ಹಾಗೆ. ಅವರ ಫಿಲಂ ಹೆಸರು 'ಅವಶೇಷ'. ಅದಕ್ಕೆ ರಾಷ್ಟ್ರಪ್ರಶಸ್ತಿನೂ ಬಂತು. ಓದ್ತಿರುವಾಗಲೇ ಬಿ.ವಿ. ಕಾರಂತರ 'ಚೋಮನ ದುಡಿ'ಗೆ ಸಹಾಯಕರಾಗಿ ಕೆಲಸಾನೂ ಮಾಡಿದ್ದರು. ಅಂದ್ರೆ ಒಂದು ಕಡೆ ತಾನೇ ಜವಾಬ್ದಾರಿ ಹೊತ್ತ ಚಿಕ್ಕ ಸಿನಿಮಾ, ಇನ್ನೊಂದು ಕಡೆ ಹಿರಿಯರ ಪಕ್ಕ ನಿಂತು ನೋಡಿದ ದೊಡ್ಡ ಸಿನಿಮಾ. ಎರಡೂ ಬೇಕಾಗುತ್ತೆ.

ಎರಡೇ ವರ್ಷಕ್ಕೆ, 1977ರಲ್ಲಿ, 'ಘಟಶ್ರಾದ್ಧ' ಬಂತು. ಮೊದಲ ಫೀಚರ್ ಸಿನಿಮಾಗೇ ಸ್ವರ್ಣಕಮಲ! ಆಮೇಲೆ 'ತಬರನ ಕಥೆ', 'ತಾಯಿ ಸಾಹೇಬ', 'ದ್ವೀಪ' ಸೇರಿ ಒಟ್ಟು ನಾಲ್ಕು ಸಲ. ಅದೇ 'ಘಟಶ್ರಾದ್ಧ'ದ ರಿಪೇರಿ ಮಾಡಿದ ಹೊಸ ಪ್ರಿಂಟು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಲ್ಪಟ್ಟಿತು.

ಭಾಗ 4/7: ಊರ ಮಾತು 🗣️

ಎಕನಾಮಿಕ್ಸ್ ಓದಿದವರು ರಾಮ್ ರೆಡ್ಡಿ. ದೆಹಲಿಯಲ್ಲಿ ಡಿಗ್ರಿ, ಆಮೇಲೆ ಪ್ರಾಗ್‌ನಲ್ಲಿ ಫಿಲಂ ಸ್ಕೂಲ್. ಆದರೆ ಅವರ 'ತಿಥಿ' ಹುಟ್ಟಿದ್ದು ಪ್ರಾಗ್‌ನಲ್ಲಲ್ಲ, ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ. ಜೊತೆಗೆ ಕತೆ ಬರೆದ ಈರೇಗೌಡ ಆ ಊರಿನವರೇ. ನಟಿಸಿದ್ದು ಯಾವತ್ತೂ ಕ್ಯಾಮೆರಾ ಮುಂದೆ ನಿಂತಿರದ ಹಳ್ಳಿ ಜನ. ಗಡ್ಡಪ್ಪ, ಸೆಂಚುರಿ ಗೌಡ ನಮ್ಮೆಲ್ಲರಿಗೂ ಗೊತ್ತಲ್ವಾ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದಿತು. ಮಂಡ್ಯದ ಮಾತನ್ನ ಒಂಚೂರೂ ನಯ ಮಾಡದೆ ಹಾಗೇ ಇಟ್ಟಿದ್ದು ಅದರ ಶಕ್ತಿ.

ಇದು ನಮಗೆ ಹೊಸ ವಿಷಯ ಅಲ್ಲ ಕಣ್ರೋ. ನಮ್ಮ ನಂಜನಗೂಡು ತಾಲ್ಲೂಕಿನ ದೇವನೂರಿನ ಮಹಾದೇವ ಅವರು 'ಕುಸುಮಬಾಲೆ'ಯನ್ನ ಈ ಕಡೆ ಜನರ ಮಾತಲ್ಲೇ ಬರೆದು 1984ರಲ್ಲೇ ಈ ದಾರಿ ತೋರಿಸಿದ್ದರು. ಅದಕ್ಕೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಾವು ಮಾತ್ರ ಕ್ಯಾಮೆರಾ ಆನ್ ಆದ ತಕ್ಷಣ ಟಿವಿ ಆಂಕರ್ ಥರ ಮಾತಾಡೋಕೆ ಶುರು ಮಾಡ್ತೀವಿ. ಅಜ್ಜಿ ಹತ್ರ ಆಡೋ ಮಾತಲ್ಲೇ ಡೈಲಾಗ್ ಬರೆದು ನೋಡಿ.

ಭಾಗ 5/7: ನಾಲ್ಕೇ ದಿನ 🐓

ಡಾಕ್ಟರ್ ಚಿದಾನಂದ ಎಸ್. ನಾಯ್ಕ್. ಮೈಸೂರಲ್ಲಿ ಎಂಬಿಬಿಎಸ್ ಓದಿದವರು. ಆಮೇಲೆ ಪುಣೆಯ ಅದೇ ಇನ್‌ಸ್ಟಿಟ್ಯೂಟ್‌ನಲ್ಲಿ ಟೆಲಿವಿಷನ್ ವಿಭಾಗದ ಒಂದು ವರ್ಷದ ಕೋರ್ಸ್ ಮಾಡಿದರು. ವರ್ಷದ ಕೊನೆಗೆ ನಿರ್ದೇಶನ, ಕ್ಯಾಮೆರಾ, ಎಡಿಟಿಂಗ್, ಸೌಂಡ್ ಓದೋ ವಿದ್ಯಾರ್ಥಿಗಳು ಸೇರಿ ಒಂದು ಪ್ರಾಜೆಕ್ಟ್ ಮಾಡಬೇಕು. ಶೂಟಿಂಗ್‌ಗೆ ಇದ್ದಿದ್ದು ನಾಲ್ಕೇ ದಿನ.

ಅವರು ತಗೊಂಡಿದ್ದು ನಮ್ಮ ಕಡೆಯ ಒಂದು ಜನಪದ ಕತೆ. ಅಜ್ಜಿಯೊಬ್ಬಳು ಊರಿನ ಹುಂಜ ಕದ್ದುಬಿಡ್ತಾಳೆ. ಹುಂಜ ಕೂಗಲ್ಲ, ಬೆಳಗಾಗಲ್ಲ, ಊರೆಲ್ಲ ಕತ್ತಲು. 16 ನಿಮಿಷದ ಆ ಕನ್ನಡ ಸಿನಿಮಾ 'ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ' 2024ರ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗ 'ಲಾ ಸಿನೆಫ್'ಗೆ ಹೋಯ್ತು. ಪ್ರಪಂಚದ ಫಿಲಂ ಸ್ಕೂಲುಗಳಿಂದ ಬಂದಿದ್ದು 2,263 ಸಿನಿಮಾ. ಆಯ್ಕೆ ಆಗಿದ್ದು 18. ಮೊದಲ ಬಹುಮಾನ, 15,000 ಯೂರೋ, ನಮ್ಮ ಅಜ್ಜಿ ಹುಂಜದ ಕತೆಗೆ!

ಇಲ್ಲಿ ಒಂದು ಹೆಸರು ಮಾತ್ರ ಹೇಳಿದ್ರೆ ತಪ್ಪಾಗುತ್ತೆ. ಕ್ಯಾಮೆರಾ ಸೂರಜ್ ಠಾಕೂರ್, ಎಡಿಟಿಂಗ್ ಮನೋಜ್ ವಿ., ಸೌಂಡ್ ಅಭಿಷೇಕ್ ಕದಂ. ಕತ್ತಲ ಕತೆಯಲ್ಲಿ ಕಣ್ಣಿಗೆ ಎಷ್ಟು ಕೆಲಸವೋ ಕಿವಿಗೂ ಅಷ್ಟೇ ಕೆಲಸ. ಹೀಗಾಗಿ ಕ್ಲಾಸಲ್ಲಿ "ನಾನೇ ಡೈರೆಕ್ಟರ್" ಅಂತ ಜಗಳ ಆಡೋ ಮುಂಚೆ "ಸೌಂಡ್ ಯಾರು?" ಅಂತ ಕೇಳ್ಕೊಳ್ಳಿ.

ಭಾಗ 6/7: ಮರೀಬಾರದ ದಿನ 🕯️

ಬರೀ ಗೆದ್ದ ಕತೆ ಹೇಳಿದ್ರೆ ಇತಿಹಾಸ ಅರ್ಧ ಆಗುತ್ತೆ. 1989ರ ಫೆಬ್ರವರಿ 8. ನಮ್ಮ ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನ್ ಕುರಿತ ಟಿವಿ ಧಾರಾವಾಹಿಯ ಶೂಟಿಂಗ್ ವೇಳೆ ಸೆಟ್ಟಿಗೆ ಬೆಂಕಿ ಬಿತ್ತು. 62 ಜನ ಸತ್ತರು. ನಟ, ನಿರ್ದೇಶಕ ಸಂಜಯ್ ಖಾನ್ ತೀವ್ರವಾಗಿ ಸುಟ್ಟ ಗಾಯಗಳಿಂದ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದರು. ಸಡಿಲ ವೈರಿಂಗು, ಗೋಡೆಗೆ ಗೋಣಿಚೀಲ, ಗಾಳಿಯಾಡೋಕೆ ಜಾಗ ಇಲ್ಲ, ಬೆಂಕಿ ಆರಿಸೋ ವ್ಯವಸ್ಥೆ ಇಲ್ಲ.

ನಮ್ಮ ಸ್ಕ್ರಿಪ್ಟಲ್ಲಿ ಟಿ. ನರಸೀಪುರದ ಸಂಗಮದಲ್ಲಿ ಹುಡುಗ ನೀರಿಗಿಳಿಯೋ ಸೀನ್ ಇತ್ತು. ಕಾವೇರಿ, ಕಪಿಲಾ ಎರಡೂ ಸೇರೋ ಜಾಗ, ಸೆಳೆತ ಮೇಲಿಂದ ಕಾಣಲ್ಲ. ಇಬ್ಬರು ಬೇಕೇ ಬೇಕು ಅಂದ್ರು, ನಾಲ್ವರು ಬೇಡ ಅಂದ್ವಿ. ಎರಡು ದಿನ ಗ್ರೂಪಲ್ಲಿ ಮಾತಿಲ್ಲ. ಕೊನೆಗೆ ಅವನ ಚಪ್ಪಲಿ ಮೆಟ್ಟಿಲ ಮೇಲೆ ಇರೋ ಶಾಟ್ ಸಾಕು ಅಂತ ತೀರ್ಮಾನ ಆಯ್ತು. ನಿಜ ಹೇಳ್ಬೇಕಂದ್ರೆ ಸೀನು ಮೊದಲಿಗಿಂತ ಚೆನ್ನಾಗಾಯ್ತು. ಯಾವ ಶಾಟೂ ಒಂದು ಜೀವಕ್ಕಿಂತ ದೊಡ್ಡದಲ್ಲ.

ಭಾಗ 7/7: ಈಗ ನಮ್ಮ ಸರದಿ 🍌

ನಮ್ಮ ಕತೆ ನಂಜನಗೂಡು ರಸಬಾಳೆ ಬಗ್ಗೆ. ಜಿಐ ಟ್ಯಾಗ್ ಇರೋ ಹಣ್ಣು, ಆದರೆ ಪನಾಮ ಸೊರಗು ರೋಗ ಬಂದು ತೋಟಗಳೇ ಕಮ್ಮಿಯಾಗಿಬಿಟ್ಟವು. ಹಿತ್ತಲಲ್ಲಿ ಉಳಿದ ಒಂದು ಗುಂಪು ಬಾಳೆನ ಬಿಡದ ಅಜ್ಜಿ, ನರಸೀಪುರದಿಂದ ಬರೋ ಮೊಮ್ಮಗ. ಇಷ್ಟೇ ಕತೆ.

ಬಿಕಾಂ ಇಲ್ಲಿ ಕೆಲಸಕ್ಕೆ ಬಂತು. ಕಾಸ್ಟ್ ಶೀಟ್ ಹಾಕಿದ್ವಿ. ಫೋನ್ ಇದ್ದದ್ದೇ, ಆದ್ದರಿಂದ ಕ್ಯಾಮೆರಾ ಖರ್ಚು ಸೊನ್ನೆ. ಉಳಿದಿದ್ದು ಬಸ್ ಚಾರ್ಜು, ಊಟ, ಥರ್ಮಾಕೋಲು, ಒಂದು ಕಾಲರ್ ಮೈಕು. ದಿನಗಳು ಹೆಚ್ಚಾದಷ್ಟೂ ಊಟದ ಖರ್ಚು ಏರುತ್ತೆ. ಅದಕ್ಕೇ ನಾಲ್ಕು ದಿನದ ಪ್ಲಾನ್, ಪ್ರತಿ ದಿನದ ಶಾಟ್ ಪಟ್ಟಿ ಮೊದಲೇ ರೆಡಿ. 1735ರಲ್ಲಿ ಕಟ್ಟಿದ ನಮ್ಮೂರ ಹಳೇ ಸೇತುವೆ ಹತ್ರ ಬೆಳಗ್ಗೆ ಹೊತ್ತೇ ಶೂಟ್, ಬಿಸಿಲು ಆಗ ಮೆತ್ತಗಿರುತ್ತೆ. ನದಿ ಗಾಳಿಗೆ ಮೈಕಿನ ಮೇಲೆ ಸ್ಪಂಜು. ಪ್ರತಿ ಜಾಗದಲ್ಲೂ ಯಾರೂ ಮಾತಾಡದೆ ಒಂದು ನಿಮಿಷ ಬರೀ ಅಲ್ಲಿನ ಶಬ್ದ ರೆಕಾರ್ಡ್, ಎಡಿಟಿಂಗಲ್ಲಿ ಡೈಲಾಗ್‌ಗಳ ನಡುವಿನ ಖಾಲಿ ಜಾಗಕ್ಕೆ ಅದು ಬೇಕು. ಸೋಮನಾಥಪುರದಲ್ಲಿ ಶೂಟ್ ಮಾಡೋ ಆಸೆ ಇರೋರು ನೆನಪಿಡಿ, ಅದು ಪುರಾತತ್ವ ಇಲಾಖೆ ಜಾಗ, ಅನುಮತಿ ಬೇಕು.

ನಿಮ್ಮ ಮನೇಲೂ ಹುಂಜದ ಕತೆ ಥರದ್ದು ಒಂದು ಇದ್ದೇ ಇರುತ್ತೆ. ಈ ಭಾನುವಾರ ಅಜ್ಜಿ ಪಕ್ಕ ಕೂತು ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. ಕತೆ ಏನು ಅಂತ ಕಮೆಂಟಲ್ಲಿ ಎರಡು ಸಾಲು ಬರೀರಿ. ನಿಮ್ಮ ಟೀಮಿಗೆ ಸೌಂಡ್ ಮಾಡೋರು ಬೇಕಿದ್ರೆ ನಾನು ಬರ್ತೀನಿ. 🙌

#ನಂಜನಗೂಡು #ಟಿನರಸೀಪುರ #ಕನ್ನಡಸಿನಿಮಾ #ಕಿರುಚಿತ್ರ #ಬಿಕಾಂಹುಡುಗರು